ಅವ್ವ ಕೊಟ್ಟ ಉತ್ತರ ಎಲ್ಲಿ ಹೋಯಿತು?

ಏಳೆಂಟು ವರ್ಷದ ಹಿಂದಿನ ಮಾತು. ನಮ್ಮ ಮನೆಗೆ ಇಬ್ಬರು ಬಂದಿದ್ದರು. ಕೈಯಲ್ಲಿ ಟ್ಯಾಬ್, ಕೊರಳಲ್ಲಿ ಗುರುತಿನ ಚೀಟಿ. ಮಹಿಳಾ ಸಂಘದ ಸಾಲದ ಬಗ್ಗೆ ಸಂಶೋಧನೆ ಅಂದರು. ಅವ್ವ ಕಟ್ಟೆ ಮೇಲೆ ಕೂತು ಒಂದೂವರೆ ತಾಸು ಉತ್ತರ ಕೊಟ್ಟಳು. ಎಷ್ಟು ಸಾಲ ತೆಗೆದಿರಿ, ಯಾವುದಕ್ಕೆ ಖರ್ಚಾಯಿತು, ಕಂತು ಕಟ್ಟಲಾಗದಾಗ ಯಾರ ಹತ್ತಿರ ಕೈಗಡ ಕೇಳಿದಿರಿ. ಕೊನೆಗೆ ಇನ್ನೊಂದು ಪ್ರಶ್ನೆ: ಹೋದ ವರ್ಷ ಎಷ್ಟು ದಿನ ಒಪ್ಪತ್ತು ಉಂಡು ಮಲಗಿದಿರಿ? ನನಗೆ ಯಾವತ್ತೂ ಹೇಳದ ಲೆಕ್ಕವನ್ನು ಅವ್ವ ಅವರಿಗೆ ಹೇಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ.

ಚಹಾ ಕುಡಿದು, ಕಾಗದದ ಮೇಲೆ ಸಹಿ ಮಾಡಿಸಿಕೊಂಡು ಹೊರಟರು. "ಇದರಿಂದ ಏನಾಗ್ತದ್ರೀ?" ಅಂತ ಅವ್ವ ಕೇಳಿದಳು. "ವರದಿ ಆಗ್ತದ್ರೀ ಅಮ್ಮಾರ" ಅಂದರು.

ವರದಿ ಆಗಿದೆ. ಹೋದ ವರ್ಷ ಹುಡುಕಿದಾಗ ಸಿಕ್ಕಿತು. ಇಂಗ್ಲಿಷಿನ ಒಂದು ಜರ್ನಲ್‌ನಲ್ಲಿ, ನಮ್ಮ ತಾಲೂಕಿನ ಹೆಸರಿನ ಸಮೇತ. ಮೇಲಿನ ಹತ್ತು ಸಾಲಿನ ಸಾರಾಂಶ ಪುಕ್ಕಟೆ. ಪೂರ್ತಿ ಓದಬೇಕಾದರೆ 39 ಡಾಲರ್ ಕಟ್ಟಿ ಅಂತಿತ್ತು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೂ ಮೇಲೆ. ಒಂದು ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ದುಡ್ಡಿನಲ್ಲಿ ಸಂಸಾರ ಮಾಡುವ ಸ್ಟ್ರಿಂಗರ್ ನಾನು. ನನ್ನ ಅವ್ವನ ಒಪ್ಪತ್ತಿನ ಲೆಕ್ಕ ಓದಲು ನಾನು ವಾರದ ದುಡಿಮೆ ಕೊಡಬೇಕು. ಬರೆದವರಿಗೆ ಮೇಲ್ ಹಾಕಿದೆ. ಉತ್ತರ ಇನ್ನೂ ಬಂದಿಲ್ಲ.

ಈ ಲೇಖನ ಆ ಸಿಟ್ಟಿನಲ್ಲಿ ಬರೆದದ್ದು. ಆದರೆ ಸಿಟ್ಟು ಸಂಶೋಧನೆಯ ಮೇಲಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಈಗ ಇನ್ನೊಂದು ಗಾಳಿ ಬೀಸುತ್ತಿದೆ. ಯಾರಿಗಾದರೂ ಪಿಎಚ್.ಡಿ. ಬಂತು ಅಂದರೆ ಸಾಕು, "ಹಳೇ ಪದ್ಯದ ಮೇಲೆ ಐದು ವರ್ಷ ಸಂಶೋಧನೆ ಅಂತ, ನಮ್ಮ ತೆರಿಗೆ ಹಾಳು" ಅಂತ ನಗುವವರು ಶುರುವಾಗುತ್ತಾರೆ. ಸಂಶೋಧನೆಯನ್ನು ತಂದು ಕೊಡದವರದ್ದು ಒಂದು ತಪ್ಪು. ಅದು ಬೇಡವೇ ಬೇಡ ಅನ್ನುವವರದ್ದು ಅದಕ್ಕಿಂತ ದೊಡ್ಡ ತಪ್ಪು.

ಮೂರು ಉದಾಹರಣೆ ಕೊಡುತ್ತೇನೆ. ಒಂದು ಸಾಹಿತ್ಯದ್ದು, ಒಂದು ಗಣಿತ ಮತ್ತು ಕಂಪ್ಯೂಟರಿನದ್ದು, ಒಂದು ಸಾಲದ್ದು. ಮೂರೂ ನಿಮ್ಮ ಮನೆಯೊಳಗೆ ಬಂದಿವೆ.

ಮೊದಲನೆಯದು ಹಳೇ ಪದ್ಯದ್ದೇ. ಇವತ್ತು ಬಸವಣ್ಣನವರ ವಚನ ಶಾಲೆಯ ಗೋಡೆ ಮೇಲಿದೆ, ಭಾಷಣದಲ್ಲಿದೆ, ಲಾರಿಯ ಹಿಂದಿದೆ. ಇದು ತಾನಾಗಿ ಬಂದದ್ದು ಅಂದುಕೊಂಡಿದ್ದೀರಾ? ಒಂದು ನೂರು ವರ್ಷದ ಹಿಂದೆ ಬಹಳಷ್ಟು ವಚನಗಳು ತಾಳೆಗರಿಯಲ್ಲಿ ಬಟ್ಟೆ ಸುತ್ತಿಕೊಂಡು ಮಠದಲ್ಲೋ ಯಾರದೋ ಮನೆಯ ಜಗಲಿ ಮೇಲೋ ಇದ್ದವು. ಪೂಜೆ ಆಗುತ್ತಿತ್ತು, ಓದುವವರು ಕಡಿಮೆ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿದರು, ಪಾಠ ಹೋಲಿಸಿದರು, ತಿದ್ದಿದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು. ಆಮೇಲೆ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು ಅಂತ ನಮ್ಮ ಕಡೆ ಹಿರಿಯರು ಇಂದಿಗೂ ಹೇಳುತ್ತಾರೆ. ಇದೇ ಮನುಷ್ಯ ಸಹಕಾರಿ ಬ್ಯಾಂಕ್ ಕಟ್ಟುವುದರಲ್ಲೂ ಮುಂದಿದ್ದರು. ಪದ್ಯಕ್ಕೂ ರೊಕ್ಕಕ್ಕೂ ಸಂಬಂಧವಿಲ್ಲ ಅನ್ನುವವರು ಇದನ್ನು ಸ್ವಲ್ಪ ಯೋಚಿಸಲಿ.

ಹಳಕಟ್ಟಿಯವರು ಮಾಡಿದ್ದು ಅಪ್ಪಟ ಸಂಶೋಧನೆ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಹಳ್ಳಿಯಿಂದ ತಂದದ್ದನ್ನು ಹಳ್ಳಿಯವರು ಓದುವ ಭಾಷೆಯಲ್ಲೇ ಅಚ್ಚು ಹಾಕಿ ಹೊರಗೆ ಬಿಟ್ಟರು. ಈ ಮಾತು ನೆನಪಿನಲ್ಲಿಡಿ.

ಎರಡನೆಯದು ನಿಮ್ಮ ಕೈಯಲ್ಲಿರುವ ಫೋನಿನದ್ದು. ಸಂತೆಯಲ್ಲಿ ಬದನೆಕಾಯಿ ತಗೊಂಡು ಸ್ಕ್ಯಾನ್ ಮಾಡಿ ದುಡ್ಡು ಹಾಕುತ್ತೀರಿ. ನಡುವೆ ಯಾರೂ ಕದಿಯದಂತೆ ಅದನ್ನು ಕಾಯುವುದು ಗಣಿತ. 7, 11, 13 ಇಂಥ, ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳನ್ನು ಅವಿಭಾಜ್ಯ ಸಂಖ್ಯೆ ಅಂತ ಶಾಲೆಯಲ್ಲಿ ಓದಿದ್ದೀರಿ. ಇಂಥ ಎರಡು ಭಾರೀ ಸಂಖ್ಯೆಗಳನ್ನು ಗುಣಿಸುವುದು ಕಂಪ್ಯೂಟರಿಗೆ ಸಲೀಸು. ಗುಣಿಸಿ ಬಂದ ಸಂಖ್ಯೆಯನ್ನು ಮಾತ್ರ ಕೊಟ್ಟು, ಮೊದಲಿನ ಎರಡು ಯಾವುವು ಹೇಳು ಅಂದರೆ ಬಹಳ ಕಷ್ಟ. ಜೋಳದ ಹಿಟ್ಟು, ಸಜ್ಜೆ ಹಿಟ್ಟು ಬೆರೆಸುವುದು ಒಂದು ಕ್ಷಣದ ಕೆಲಸ, ಬೇರೆ ಮಾಡಲು ಕೂತರೆ ದಿನ ಸಾಲದು. ಈ ಕಷ್ಟವನ್ನೇ ಬೀಗ ಮಾಡಿಕೊಳ್ಳುವ ದಾರಿಯನ್ನು 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಕಂಡುಹಿಡಿದರು. ಇಂಟರ್‌ನೆಟ್ಟಿನಲ್ಲಿ ನಮ್ಮ ಗುಟ್ಟು ಕಾಯುವ ಬೀಗಗಳಲ್ಲಿ ಅದೂ ಒಂದು. ಅದಕ್ಕೂ ಮುಂಚೆ, 1940ರಲ್ಲಿ, ಇಂಗ್ಲೆಂಡಿನ ದೊಡ್ಡ ಗಣಿತಜ್ಞ ಹಾರ್ಡಿ ಸಂಖ್ಯೆಗಳ ಈ ಶಾಸ್ತ್ರದಿಂದ ಯುದ್ಧಕ್ಕೆ ಏನೂ ಉಪಯೋಗವಿಲ್ಲ ಅಂತ ಹೆಮ್ಮೆಯಿಂದ ಬರೆದಿದ್ದರು. ಇವತ್ತು ಸೈನ್ಯದ ಗುಟ್ಟಿಗೂ ಅದೇ ಶಾಸ್ತ್ರ ಬೇಕು. ಉಪಯೋಗ ಏನು ಅಂತ ಮೊದಲ ದಿನವೇ ಕೇಳಿ ಬಾಗಿಲು ಹಾಕಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ.

ಇದರಲ್ಲಿ ನಮ್ಮ ದೇಶದ್ದೂ ಒಂದು ಪಾಲಿದೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಎಂದೂ ತಪ್ಪದೆ, ಯಾವ ಊಹೆಯನ್ನೂ ನಂಬದೆ, ಅಂಕಿ ಉದ್ದವಾದಂತೆ ಸಮಯ ಕೈಮೀರಿ ಬೆಳೆಯದೆ ಹೇಳುವ ವಿಧಾನ ಇದೆಯೇ ಎಂಬುದು ಹಳೆಯ ಪ್ರಶ್ನೆ. 2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರವಾಲ್ ಮತ್ತು ಆಗಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ "ಇದೆ" ಅಂತ ತೋರಿಸಿದರು. ಬರೆದದ್ದನ್ನು ಬೀಗ ಹಾಕಿ ಇಡಲಿಲ್ಲ, ಯಾರು ಬೇಕಾದರೂ ಓದಲಿ ಅಂತ ಇಂಟರ್‌ನೆಟ್ಟಿಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಜಗತ್ತಿನ ಗಣಿತಜ್ಞರು ಪರೀಕ್ಷಿಸಿ ಸರಿ ಅಂದರು. 2006ರಲ್ಲಿ ಅದಕ್ಕೆ ಗೊಡೆಲ್ ಪ್ರಶಸ್ತಿ ಬಂತು. ನಿಮ್ಮ ಫೋನಿನಲ್ಲಿ ಓಡುವುದು ಇದೇ ವಿಧಾನವಲ್ಲ, ದಿನದ ಕೆಲಸಕ್ಕೆ ಇನ್ನೂ ವೇಗದ ದಾರಿಗಳಿವೆ. ಆದರೆ ಸರ್ಕಾರದ ದುಡ್ಡಿನಲ್ಲಿ, ಅಂದರೆ ನೀವು ಬೆಂಕಿಪೊಟ್ಟಣಕ್ಕೂ ಕಟ್ಟುವ ತೆರಿಗೆಯಲ್ಲಿ, ನಡೆದ ಕೆಲಸ ಇದು. ನಮ್ಮ ಎಷ್ಟು ಹೈಸ್ಕೂಲುಗಳಲ್ಲಿ ಈ ಮೂವರ ಹೆಸರು ಗೊತ್ತು?

ಮೂರನೆಯದು ಸಾಲ. ಕಿರುಸಾಲ ಕೊಟ್ಟರೆ ಬಡತನ ಹೋಗುತ್ತದೆ, ಹೆಣ್ಣುಮಕ್ಕಳು ಮೇಲೆ ಬರುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಿಜವೇ ನೋಡೋಣ ಅಂತ ಹೊರಟರು. ಹೈದರಾಬಾದಿನ 104 ಬಡಾವಣೆಗಳನ್ನು ಹಿಡಿದು, ಚೀಟಿ ಎತ್ತಿದ ಹಾಗೆ 52ನ್ನು ಆರಿಸಿ, ಅಲ್ಲಿ ಮೊದಲು ಒಂದು ಕಿರುಸಾಲ ಸಂಸ್ಥೆಯ ಶಾಖೆ ತೆರೆಯುವಂತೆ ಮಾಡಿ, ಎರಡೂ ಕಡೆಯ ಮನೆಗಳನ್ನು ಹೋಲಿಸಿದರು. ಒಂದೂವರೆ ವರ್ಷದ ಸುಮಾರಿಗೆ ಒಮ್ಮೆ, ಮತ್ತೆರಡು ವರ್ಷ ಬಿಟ್ಟು ಇನ್ನೊಮ್ಮೆ.

ಕಂಡದ್ದೇನು? ಮೊದಲೇ ವ್ಯಾಪಾರ ಚೆನ್ನಾಗಿ ನಡೆಸುತ್ತಿದ್ದ ಕೆಲವರಿಗೆ ಅನುಕೂಲವಾಯಿತು. ಆದರೆ ಸರಾಸರಿ ಮನೆಯ ಖರ್ಚಿನ ಶಕ್ತಿ ಏರಲಿಲ್ಲ. ಮಕ್ಕಳ ಓದಿನಲ್ಲಿ, ಆರೋಗ್ಯದಲ್ಲಿ, ಮನೆಯಲ್ಲಿ ಹೆಂಗಸರ ಮಾತು ನಡೆಯುವುದರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸಾಲ ಅಂದರೆ ಸಾಲ, ಪವಾಡ ಅಲ್ಲ. ಮೊದಲ ಕರಡು 2009ರಲ್ಲೇ ಹೊರಗಿತ್ತು, ಜರ್ನಲ್‌ನಲ್ಲಿ 2015ರಲ್ಲಿ ಅಚ್ಚಾಯಿತು. 2019ರಲ್ಲಿ ಬ್ಯಾನರ್ಜಿ, ಡುಫ್ಲೊ ಅವರಿಗೆ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಈಗ ನಮ್ಮ ಕಡೆ ನೋಡಿ. ಅಷ್ಟೆಲ್ಲ ಗೊತ್ತಾದ ಮೇಲೂ ನಮ್ಮ ಊರುಗಳ ಸಂಘದ ಸಭೆಗಳಲ್ಲಿ "ಸಾಲ ತಗೊಳ್ರಿ, ಉದ್ಧಾರ ಆಗ್ತೀರಿ" ಎಂಬ ಪಾಠವೇ ನಡೆಯಿತು. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ವಸೂಲಿಗೆ ಬಂದವರು ಬಾಗಿಲಲ್ಲಿ ಕೂತದ್ದನ್ನು, ಜನ ಊರು ಬಿಟ್ಟದ್ದನ್ನು ನಾವೇ ಸುದ್ದಿ ಮಾಡಿದೆವು. ಕೊನೆಗೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಮಾಡಬೇಕಾಯಿತು. ಆ ಹೈದರಾಬಾದಿನ ಎರಡು ಸಾಲು ಕನ್ನಡದಲ್ಲಿ ನಮ್ಮ ಹೆಂಗಸರ ಕೈಗೆ ಬಂದಿದ್ದರೆ ಯಾರೂ ಸಾಲವನ್ನೇ ತೆಗೆಯುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆಸ್ಪತ್ರೆಗೆ ದುಡ್ಡು ಬೇಕಾದವರು ತೆಗೆಯಲೇಬೇಕು. ಆದರೆ ಮೂರನೇ ಸಾಲಕ್ಕೆ ಸಹಿ ಹಾಕುವ ಮುಂಚೆ "ಉದ್ಧಾರ ಆಗ್ತೀವಂತ ಯಾರು ಹೇಳಿದ್ರು?" ಅಂತ ಕೇಳುವ ಧೈರ್ಯ ಬರುತ್ತಿತ್ತು.

ಹಳಕಟ್ಟಿಯವರು ತಂದದ್ದನ್ನು ನಮಗೆ ಮರಳಿ ಕೊಟ್ಟರು. ಕಾನ್ಪುರದವರು ಬಾಗಿಲು ತೆರೆದಿಟ್ಟರು, ಆದರೆ ಅಲ್ಲಿಂದ ನಮ್ಮೂರಿಗೆ ದಾರಿ ಹಾಕುವವರು ಬರಲಿಲ್ಲ. ಸಾಲದ ವಿಷಯದಲ್ಲಂತೂ ಉತ್ತರ ಕೊಟ್ಟವರು ಬಡವರು, ಉತ್ತರ ಓದಿದವರು ಬೇರೆಯವರು.

ದುಡ್ಡಿಲ್ಲ ಅನ್ನಬೇಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ಒಳ್ಳೆಯದೇ. ನಮ್ಮ ತಾಲೂಕಿನ ಸರ್ಕಾರಿ ಕಾಲೇಜಿನ ಹುಡುಗಿಯೂ ಓದಬಹುದು. ಆದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಆ ಪಟ್ಟಿಯಲ್ಲಿಲ್ಲ. ಇದ್ದರೂ ಇಂಗ್ಲಿಷಿನ ಗೋಡೆ ಹಾಗೇ ಇರುತ್ತದೆ. ಓದಲು 6,000 ಕೋಟಿ ಇದೆ, ತಿಳಿಸಿ ಹೇಳಲು ಎಷ್ಟಿದೆ?

"ಹಳ್ಳಿಯವರಿಗೆ ಅರ್ಥವಾಗುವುದಿಲ್ಲ, ತಪ್ಪು ತಿಳಿದುಕೊಳ್ಳುತ್ತಾರೆ" ಅಂತ ಒಬ್ಬ ಪ್ರಾಧ್ಯಾಪಕರು ನನಗೆ ಹೇಳಿದರು. ಸರ್, ನೂರಕ್ಕೆ ಮೂರರ ಬಡ್ಡಿಯನ್ನು ತಿಂಗಳ ಮಧ್ಯದಲ್ಲಿ ಬಾಯಿಲೆಕ್ಕದಲ್ಲಿ ಹೇಳುವವರು ನಮ್ಮವರು. ನಿಮ್ಮ ಪ್ರಶ್ನೆಗೆ ಉತ್ತರ ಕೊಡುವಷ್ಟು ಬುದ್ಧಿ ಇದ್ದವರಿಗೆ ಫಲಿತಾಂಶ ಕೇಳುವಷ್ಟು ಬುದ್ಧಿ ಇರುವುದಿಲ್ಲವೇ?

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಪಿಎಚ್.ಡಿ. ಸುದ್ದಿ ಬಂದಾಗ ಸ್ಟ್ರಿಂಗರ್‌ಗಳಾದ ನಾವು ಶಾಲು ಹೊದ್ದ ಫೋಟೋ ಹಾಕಿ "ಡಾಕ್ಟರೇಟ್ ಪ್ರದಾನ" ಅಂತ ನಾಲ್ಕು ಸಾಲು ಕಳಿಸುತ್ತೇವೆ. ಏನು ಕಂಡುಹಿಡಿದಿರಿ ಅಂತ ಕೇಳುವುದಿಲ್ಲ. ನಾನೂ ಕೇಳಿಲ್ಲ. ಇನ್ನು ಮುಂದೆ ಕೇಳುತ್ತೇನೆ. ಶೋಧಗಂಗಾ ಎಂಬ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಪುಕ್ಕಟೆಯಾಗಿವೆ, ಕನ್ನಡದವೂ ಇವೆ. ನಿಮ್ಮ ಊರಿನ ಹೆಸರು ಹಾಕಿ ಹುಡುಕಿ ನೋಡಿ.

ಕೇಳುವುದು ದೊಡ್ಡದೇನಲ್ಲ. ಸರ್ಕಾರದ ದುಡ್ಡಿನಲ್ಲಿ ನಡೆದ ಪ್ರತಿ ಸಂಶೋಧನೆಗೂ ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಲಿ. ಊರಿನ ಜನರನ್ನು ಪ್ರಶ್ನೆ ಕೇಳಿ ಮಾಡಿದ್ದಾದರೆ ಆ ಎರಡು ಪುಟವನ್ನು ಅದೇ ಊರಿನ ಗ್ರಾಮಸಭೆಯಲ್ಲಿ ಓದಲಿ, ಒಂದು ಪ್ರತಿ ಅರಿವು ಕೇಂದ್ರದಲ್ಲಿ ಇಡಲಿ. ಇದಾಗುವವರೆಗೆ ಪದವಿ ಕೊಡಬೇಡಿ.

ನೀವೂ ಒಂದು ಕೆಲಸ ಮಾಡಿ. ಮುಂದಿನ ಸಲ ಟ್ಯಾಬ್ ಹಿಡಿದವರು ಬಂದರೆ ಚಹಾ ಕೊಡಿ, ಕೂಡಿಸಿ, ನಿಜವನ್ನೇ ಹೇಳಿ. ಸಹಿ ಹಾಕುವ ಮುಂಚೆ ಮೂರು ಮಾತು ಕೇಳಿ. ಇದು ಯಾರ ದುಡ್ಡು? ಫಲಿತಾಂಶ ಯಾವಾಗ? ಕನ್ನಡದಲ್ಲಿ ನಮಗೆ ಯಾರು ಬಂದು ಹೇಳುತ್ತೀರಿ? ಉತ್ತರವನ್ನು, ಅವರ ಫೋನ್ ನಂಬರನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಅವ್ವ ಮೊನ್ನೆ ಮತ್ತೆ ಕೇಳಿದಳು, "ಆ ಹುಡುಗರು ಬರಕೊಂಡ್ ಹೋಗಿದ್ರಲ್ಲ, ಏನಂತ ಬಂತಂತೋ?" ಗೊತ್ತಿಲ್ಲ ಅಂದೆ. ಅವಳೇ ಕೊಟ್ಟ ಉತ್ತರ. ಅವಳಿಗೆ ಅದನ್ನು ಓದಿ ಹೇಳುವ ಕೆಲಸ ಇನ್ನೂ ಬಾಕಿ ಇದೆ.