ಗರ್ಭಗುಡಿಯ ಹೊಸ್ತಿಲೂ ಸೈನ್ಯದ ಆಜ್ಞೆಯೂ

ದೇವರನ್ನು ನಂಬದವನು ನಮ್ಮ ಸೈನ್ಯದಲ್ಲಿ ಅಧಿಕಾರಿಯಾಗಿ ಇರಬಹುದೇ? ಇರಬಹುದು ಎಂದು ಕಾಯಿದೆ ಹೇಳುತ್ತದೆ. ಸೈನ್ಯ ಸೇರುವ ದಿನ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರ ಹೆಸರೆತ್ತದೆ ನಿಷ್ಠೆಯನ್ನು ದೃಢಪಡಿಸಲೂಬಹುದು. ಎರಡಕ್ಕೂ ಬೆಲೆ ಒಂದೇ. ಆದರೆ ಬಾಗಿಲಲ್ಲಿ ಕೊಟ್ಟ ಈ ಸ್ವಾತಂತ್ರ್ಯವನ್ನು ಒಳಗೆ ಹೋದ ಮೇಲೆ ಹಿಂದಕ್ಕೆ ಪಡೆಯಬಹುದೆಂದು 2025ರಲ್ಲಿ ನಮ್ಮ ಎರಡು ದೊಡ್ಡ ನ್ಯಾಯಾಲಯಗಳು ಹೇಳಿದಂತಾಗಿದೆ. ನ್ಯಾಯಾಲಯಗಳ ಮೇಲೆ ಗೌರವವಿಟ್ಟುಕೊಂಡೇ ನಾವು ಇದನ್ನು ಒಪ್ಪಲಾರೆವು.

ಪ್ರಕರಣ ಹೀಗಿದೆ. ಸ್ಯಾಮ್ಯುಯೆಲ್ ಕಮಲೇಶನ್ ಎಂಬ ಕ್ರೈಸ್ತ ತರುಣರು 2017ರಲ್ಲಿ ಲೆಫ್ಟಿನೆಂಟ್ ಆಗಿ 3ನೆಯ ಕ್ಯಾವಲ್ರಿ ರೆಜಿಮೆಂಟಿಗೆ ಸೇರಿದರು. ಅವರ ಕೈಕೆಳಗಿನ ಜವಾನರು ಸಿಖ್ಖರು. ರೆಜಿಮೆಂಟಿನಲ್ಲಿ ಒಂದು ಮಂದಿರವಿತ್ತು, ಒಂದು ಗುರುದ್ವಾರವಿತ್ತು. ಎಲ್ಲ ಧರ್ಮದವರಿಗೂ ಒಂದೇ ಸೂರಿನಡಿ ಪೂಜೆಗೆ ಎಡೆಕೊಡುವ 'ಸರ್ವಧರ್ಮ ಸ್ಥಳ'ವೆಂಬ ಒಳ್ಳೆಯ ಏರ್ಪಾಡು ನಮ್ಮ ಸೈನ್ಯದಲ್ಲಿ ಉಂಟು. ಅದು ತಮ್ಮ ರೆಜಿಮೆಂಟಿನಲ್ಲಿ ಇರಲಿಲ್ಲವೆಂಬುದು ಅವರ ದೂರು. ಧಾರ್ಮಿಕ ಪೆರೇಡಿಗೆ ಜವಾನರೊಡನೆ ಬರುತ್ತೇನೆ, ಅಂಗಳದಲ್ಲಿ ಗೌರವದಿಂದ ನಿಲ್ಲುತ್ತೇನೆ, ಆದರೆ ಗರ್ಭಗುಡಿಯೊಳಗೆ ಹೋಗಿ ಪೂಜೆ ಆರತಿಗಳಲ್ಲಿ ಪಾಲುಗೊಳ್ಳಲಾರೆ ಎಂದು ಅವರು ಕೇಳಿಕೊಂಡರು. ಮೇಲಧಿಕಾರಿಗಳು ಅನೇಕ ಸಲ ಬುದ್ಧಿ ಹೇಳಿದರು. ಕೇಳಲಿಲ್ಲವೆಂದು ಮಾರ್ಚ್ 2021ರಲ್ಲಿ, ಕೋರ್ಟ್ ಮಾರ್ಷಲ್ ಇಲ್ಲದೆಯೇ, ಪಿಂಚಣಿ ಗ್ರಾಚುಯಿಟಿಗಳಿಲ್ಲದೆ ಅವರನ್ನು ವಜಾ ಮಾಡಿದರು. ಇದು ಧರ್ಮದ ಪ್ರಶ್ನೆಯೇ ಅಲ್ಲ, ಆಜ್ಞಾಪಾಲನೆಯ ಪ್ರಶ್ನೆ ಎಂದು ದೆಹಲಿಯ ಉಚ್ಚ ನ್ಯಾಯಾಲಯ 2025ರ ಮೇ 30ರಂದು ತೀರ್ಪಿತ್ತಿತು. ನವೆಂಬರ್ 25ರಂದು ಸರ್ವೋಚ್ಚ ನ್ಯಾಯಾಲಯವೂ ಅವರ ಮನವಿಯನ್ನು ತಳ್ಳಿಹಾಕಿ, ಇಂಥವರು ಸೈನ್ಯಕ್ಕೆ ಸಲ್ಲರೆಂಬ ಮಾತನ್ನೂ ಸೇರಿಸಿತು.

ಅವರು ಆಸ್ತಿಕರಲ್ಲವೇ, ನಾಸ್ತಿಕನ ಮಾತು ಇಲ್ಲಿ ಏಕೆ ಬಂತು ಎಂದು ವಾಚಕರು ಕೇಳಬಹುದು. ಅಲ್ಲೇ ಇದೆ ವಿಷಯ. ಒಳಗೆ ಹೋದರೆ ನಿನ್ನ ಧರ್ಮಕ್ಕೆ ಭಂಗವಿಲ್ಲವೆಂದು ಒಬ್ಬ ಪಾದ್ರಿಯೇ ಆ ಅಧಿಕಾರಿಗೆ ಹೇಳಿದ್ದರಂತೆ. ಪಾದ್ರಿಯ ಮಾತನ್ನೂ ಕೇಳಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಅವರಿಗೆ ವಿರುದ್ಧವಾಗಿ ನಿಂತಿತು. ಅಂದರೆ ಒಬ್ಬನ ಅಂತಃಸಾಕ್ಷಿ ಏನು ಹೇಳುತ್ತದೆಂಬುದನ್ನು ಅವನ ಪುರೋಹಿತರು ಗೊತ್ತುಮಾಡಬೇಕು! ಹಾಗಾದರೆ ಪುರೋಹಿತರೇ ಇಲ್ಲದವನ ಗತಿಯೇನು? ಸೈನ್ಯದಲ್ಲಿ ಪಂಡಿತರಿದ್ದಾರೆ, ಗ್ರಂಥಿಗಳಿದ್ದಾರೆ, ಮೌಲವಿಗಳಿದ್ದಾರೆ, ಪಾದ್ರಿಗಳಿದ್ದಾರೆ. ಎಲ್ಲರಿಗೂ ಹುದ್ದೆ, ಸಂಬಳ ಉಂಟು. ನಾಸ್ತಿಕನ ಪರವಾಗಿ 'ಇದು ಇವನಿಗೆ ಸಲ್ಲದು' ಎಂದು ಹೇಳಲು ಗ್ರಂಥವೂ ಇಲ್ಲ, ಗುರುವೂ ಇಲ್ಲ. ಚರ್ಚು ಇದ್ದವರೇ ಸೋತ ಮೇಲೆ ಇವನು ಯಾರ ಬಾಗಿಲು ತಟ್ಟಬೇಕು?

ಸಂವಿಧಾನದ 25ನೆಯ ಅನುಚ್ಛೇದವನ್ನು ತೆರೆದು ನೋಡಿರಿ. ಅಲ್ಲಿ ಧರ್ಮದ ಆಚರಣೆಗಿಂತ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯದ ಮಾತು ಬರುತ್ತದೆ. ಸಂವಿಧಾನದ ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ಎಚ್. ವಿ. ಕಾಮತರು 1949ರ ಅಕ್ಟೋಬರಿನಲ್ಲಿ ಸಂವಿಧಾನ ಸಭೆಯಲ್ಲಿ ತಂದ ತಿದ್ದುಪಡಿ ಮತಕ್ಕೆ ಬಿದ್ದು ಸೋತಿತು. ಸೋಲಿಸಿದವರಲ್ಲಿ ಬಹುಮಂದಿ ಮನೆಯಲ್ಲಿ ದೀಪ ಹಚ್ಚಿ ಕೈಮುಗಿಯುವವರೇ ಆಗಿದ್ದರು. ತಮ್ಮ ದೇವರನ್ನು ಇನ್ನೊಬ್ಬರ ಮೇಲೆ ಹೊರಿಸಬಾರದೆಂಬ ತಿಳಿವಳಿಕೆ ಅವರಿಗಿತ್ತು.

ಸೈನಿಕನಿಗೆ ಎಲ್ಲ ಹಕ್ಕುಗಳೂ ಇಲ್ಲ, ನಿಜ. 33ನೆಯ ಅನುಚ್ಛೇದದ ಪ್ರಕಾರ ಪಾರ್ಲಿಮೆಂಟು ಅವನ್ನು ಮೊಟಕುಗೊಳಿಸಬಹುದು. ಮೊಟಕುಗೊಳಿಸಿಯೂ ಇದೆ. 1950ರ ಸೈನ್ಯದ ಕಾಯಿದೆಯ 21ನೆಯ ಕಲಮಿನಲ್ಲಿ ಕಾರ್ಮಿಕ ಸಂಘ, ರಾಜಕೀಯ ಸಭೆ, ಪತ್ರಿಕೆಗೆ ಬರೆಯುವುದು ಇವನ್ನು ಹೆಸರಿಸಿ ನಿರ್ಬಂಧಿಸಲು ಅಧಿಕಾರ ಕೊಟ್ಟಿದೆ. ಪೂಜೆಯ ಮಾತು ಆ ಪಟ್ಟಿಯಲ್ಲಿಲ್ಲ. ಪಾರ್ಲಿಮೆಂಟು ಮುಟ್ಟದೆ ಬಿಟ್ಟದ್ದನ್ನು ಒಬ್ಬ ಕಮಾಂಡಿಂಗ್ ಆಫೀಸರರು ಬಾಯಿಮಾತಿನ ಆಜ್ಞೆಯಿಂದ ಕಿತ್ತುಕೊಳ್ಳಬಹುದೆಂದರೆ ಆ ಪಟ್ಟಿಯನ್ನು ಬರೆದದ್ದಾದರೂ ಏತಕ್ಕೆ?

ಸೈನ್ಯದವರ ವಾದವನ್ನು ಹಗುರವಾಗಿ ಕಾಣಬಾರದು. ಸಿಪಾಯಿ ಪ್ರಾಣ ಕೊಡುವುದು ರೆಜಿಮೆಂಟಿನ ಮಾನಕ್ಕಾಗಿ. ಆ ಮಾನ ಅವನ ದೇವರೊಡನೆ, ಅವನ ಜಯಘೋಷದೊಡನೆ ಹೆಣೆದುಕೊಂಡಿದೆ. ಅಧಿಕಾರಿ ತನ್ನ ಜವಾನರಿಂದ ದೂರ ನಿಂತರೆ ಗುಂಡಿನ ಮಳೆಯಲ್ಲಿ ಅವರು ಅವನ ಹಿಂದೆ ಬರುವರೇ? ಕಾರ್ಯಪ್ಪ, ತಿಮ್ಮಯ್ಯರ ನಾಡಿನವರಾದ ನಮಗೆ ಇದು ಅರ್ಥವಾಗದ ಮಾತಲ್ಲ. ಆದರೆ ಜವಾನನಿಗೆ ಬೇಕಾದದ್ದು ಅಧಿಕಾರಿಯ ಜೊತೆಯೋ ಅಥವಾ ಅಧಿಕಾರಿಯ ನಟನೆಯೋ? ನಂಬಿಕೆಯಿಲ್ಲದೆ ಆರತಿ ತಟ್ಟೆ ಹಿಡಿದವನನ್ನು ಜವಾನ ಗುರುತಿಸಲಾರನೇ? ಅಂಥ ಆರತಿಯಿಂದ ದೇವರಿಗಾದರೂ ಏನು ಗೌರವ ಸಂದಂತಾಯಿತು? ಗುಂಡು ಹಾರುವಾಗ ನಾಸ್ತಿಕನೂ ದೇವರನ್ನು ನೆನೆಯುತ್ತಾನೆಂದು ಕೆಲವರು ನಗುತ್ತಾರೆ. ಭಗತ್ ಸಿಂಗರು ತಾನೇಕೆ ನಾಸ್ತಿಕನೆಂಬ ಪ್ರಬಂಧವನ್ನು 1930ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ಕುಳಿತು ಬರೆದರು. 1931ರ ಮಾರ್ಚ್ 23ರಂದು ಗಲ್ಲಿಗೇರಿದರು. ಅವರ ಧೈರ್ಯವನ್ನು ಅನುಮಾನಿಸಿದವರನ್ನು ನಾವು ಇನ್ನೂ ಕಂಡಿಲ್ಲ.

ನಂಬಿಕೆಯ ವಿಷಯದಲ್ಲಿ ಆಜ್ಞೆ ಹೊರಡಿಸಿದರೆ ಏನಾಗುತ್ತದೆಂದು ಈ ದೇಶದ ಸೈನ್ಯಕ್ಕೆ ಹಳೆಯ ಪಾಠವೇ ಇದೆ. 1806ರಲ್ಲಿ, ನಮ್ಮ ಟಿಪ್ಪುವಿನ ಮಕ್ಕಳನ್ನು ಸೆರೆಯಿಟ್ಟಿದ್ದ ವೆಲ್ಲೂರಿನ ಕೋಟೆಯಲ್ಲಿ, ಸಿಪಾಯಿಗಳು ಹಣೆಗೆ ನಾಮ ವಿಭೂತಿ ಹಚ್ಚಬಾರದು, ಗಡ್ಡ ಬೋಳಿಸಬೇಕು, ಚರ್ಮದ ಗೊಂಡೆಯಿರುವ ಹೊಸ ಟೋಪಿ ತೊಡಬೇಕು ಎಂದು ಕಂಪನಿಯವರು ಹಟ ಹಿಡಿದರು. ಎದುರು ಮಾತಾಡಿದವರಿಗೆ ಛಡಿಯೇಟು. ಜುಲೈ 10ರಂದು ಕೋಟೆ ರಕ್ತದಲ್ಲಿ ಮುಳುಗಿತು. ಮದರಾಸಿನ ಗವರ್ನರನೂ ಸೇನಾಪತಿಯೂ ಹುದ್ದೆ ಕಳೆದುಕೊಂಡು ಊರಿಗೆ ಮರಳಿದರು. ಆ ಮೇಲೆ ಸಿಪಾಯಿಯ ಧರ್ಮವನ್ನು ಮುಟ್ಟಬಾರದೆಂಬುದನ್ನು ಸರಕಾರ ಮೆಲ್ಲಮೆಲ್ಲನೆ ಕಲಿಯಿತು. ಕಲಿತದ್ದು ಅರ್ಧ ಮಾತ್ರ. ನಾಮ ಹಚ್ಚುವವನ ನಾಮವನ್ನು ಅಳಿಸಬಾರದೆಂಬುದು ತಿಳಿಯಿತು. ನಾಮ ಬೇಡವೆಂದವನಿಗೆ ಹಚ್ಚಬಾರದೆಂಬುದು ತಿಳಿಯಲಿಲ್ಲ.

ಅಮೆರಿಕದಲ್ಲಿಯೂ ಈ ಪ್ರಶ್ನೆ ಬಂದಿತ್ತು. ಅಲ್ಲಿಯ ಮೂರು ಸೈನಿಕ ವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಭಾನುವಾರದ ಪ್ರಾರ್ಥನೆಗೆ ಹೋಗುವುದು ಕಡ್ಡಾಯವಾಗಿತ್ತು. ಇದು ಧರ್ಮಕ್ಕಾಗಿ ಅಲ್ಲ, ಮುಂದೆ ಇವರ ಕೈಕೆಳಗೆ ಬರುವ ಸಿಪಾಯಿಗಳ ಧರ್ಮಭಾವನೆಯನ್ನು ಅರಿಯಲಿಕ್ಕಾಗಿ ಎಂದು ಸರಕಾರ ವಾದಿಸಿತು. ಹೆಚ್ಚುಕಡಿಮೆ ನಮ್ಮವರ ವಾದವೇ! 1972ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪದೆ ಕಡ್ಡಾಯವನ್ನು ತೆಗೆದುಹಾಕಿತು. ಅದರಿಂದ ಆ ವಿದ್ಯಾಲಯಗಳ ಶಿಸ್ತೇನೂ ಕುಸಿದುಬೀಳಲಿಲ್ಲ.

ಅಷ್ಟು ದೂರ ಹೋಗುವುದೇ ಬೇಡ. ಕೇರಳದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ಪಂಥಕ್ಕೆ ಒಪ್ಪದೆಂದು ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು, ಗೌರವದಿಂದ ನಿಂತರೆ ಸಾಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ 1986ರಲ್ಲಿ ಹೇಳಿದೆ. ಶಾಲೆ ಬೇರೆ, ಸೈನ್ಯ ಬೇರೆ, ಹೌದು. ಆದರೆ ಗೌರವದಿಂದ ನಿಲ್ಲುವುದು ಶಾಲೆಯಲ್ಲಿ ಗೌರವ, ದಂಡಿನಲ್ಲಿ ಅವಿಧೇಯತೆ ಎಂದಾಗುವುದು ಹೇಗೆಂದು ನಮಗೆ ತಿಳಿಯದು.

ನಾವು ನಾಸ್ತಿಕರ ಸಂಘದವರಲ್ಲ. ನಮ್ಮ ಕಾರ್ಯಕ್ರಮಗಳು ಗಣಪತಿಯ ಸ್ತುತಿಯಿಂದಲೇ ಆರಂಭವಾಗುತ್ತವೆ. ಆಗ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಸುಮ್ಮನೆ ನಿಲ್ಲುವ ಸದಸ್ಯರೂ ಇರುತ್ತಾರೆ. ವರ್ಗಣಿ ಕೊಡುವುದರಲ್ಲಿ, ಕುರ್ಚಿ ಹಾಕುವುದರಲ್ಲಿ ಅವರೇ ಮುಂದೆ. ಕೈ ಮುಗಿಯಲಿಲ್ಲವೇಕೆಂದು ಅವರನ್ನು ಯಾರೂ ಕೇಳುವುದಿಲ್ಲ. ಪರಊರಲ್ಲಿ ಬಾಳುವ ನಮಗೆ, ಹತ್ತು ಜನರ ನಡುವೆ ಒಬ್ಬನಾಗಿ ನಿಲ್ಲುವುದೆಂದರೇನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ನಮ್ಮ ಮನೆಗಳಿಂದಲೂ ಹುಡುಗರು ಖಡಕವಾಸಲಾಕ್ಕೆ ಹೋಗುತ್ತಾರೆ, ಈಗ ಹುಡುಗಿಯರೂ ಹೋಗುತ್ತಿದ್ದಾರೆ. ಅವರಲ್ಲಿ ಒಬ್ಬರು ನಾಳೆ ನಂಬಿಕೆಯಿಲ್ಲದವರಾದರೆ?

ನ್ಯಾಯಾಲಯದ ದಾರಿ ಸದ್ಯಕ್ಕೆ ಮುಚ್ಚಿದೆ. ನಿಯಮ ಬರೆಯುವ ದಾರಿ ಮುಚ್ಚಿಲ್ಲ. ಧಾರ್ಮಿಕ ಪೆರೇಡಿಗೆ ಹಾಜರಿಯನ್ನು ಆಜ್ಞಾಪಿಸಬಹುದು, ಪೂಜೆಯನ್ನು ಆಜ್ಞಾಪಿಸುವಂತಿಲ್ಲ. ಹೊರಗೆ ಸಾವಧಾನದಲ್ಲಿ ನಿಂತವರು ಆಜ್ಞೆಯನ್ನು ಪೂರ್ತಿ ಪಾಲಿಸಿದಂತೆಯೇ ಲೆಕ್ಕ, ಅವರ ಕಾರಣ ಬೇರೆ ಧರ್ಮವಿರಲಿ, ಧರ್ಮವಿಲ್ಲದಿರುವುದೇ ಇರಲಿ. ಇಷ್ಟೇ ಎರಡು ಸಾಲು. ದೆಹಲಿಯ ನಮ್ಮ ಬಾಂಧವರಿಗೆ ಕರ್ನಾಟಕದ ಪಾರ್ಲಿಮೆಂಟ್ ಸದಸ್ಯರ ಮನೆ ದೂರವಲ್ಲ. ಮುಂದಿನ ಅಧಿವೇಶನಕ್ಕೆ ಮೊದಲು ಅವರಲ್ಲಿ ಒಬ್ಬರ ಕೈಗಾದರೂ ಈ ಪ್ರಶ್ನೆಯನ್ನು ಬರೆದುಕೊಡಬೇಕು: ದೇವರ ಹೆಸರೆತ್ತದೆ ನಿಷ್ಠೆ ತೋರಿ ಸೈನ್ಯ ಸೇರಿದವನನ್ನು ಗರ್ಭಗುಡಿಯೊಳಗೆ ಹೋಗೆಂದು ಆಜ್ಞಾಪಿಸಲು ಅಧಿಕಾರ ಕೊಡುವ ಕಲಮು ಯಾವುದು, ಅದು ಯಾವ ಪುಟದಲ್ಲಿದೆ?