ಲಾರಿ ಎಂಜಿನ್ ಕುಗ್ಗಿಸಿದರೆ ಕಾರಿನದ್ದಾಗದು

ಡೀಸೆಲ್ ಅಂಬಾಸಿಡರ್ ಎಂದರೆ ಕಾರಿನೊಳಗೆ ತುರುಕಿದ ಲಾರಿ ಎಂಜಿನ್, ಅದರಲ್ಲಿ ವಿನ್ಯಾಸವೇ ಇರಲಿಲ್ಲ ಎಂದು ಕಳೆದ ವಾರದ ಲೇಖನ ತೀರ್ಪು ಕೊಟ್ಟಿದೆ. ಬರೆದವರು ಸಂಪಾಜೆ ಘಾಟಿಯಲ್ಲಿ ಹೊಗೆ ಕುಡಿದ ಸಿಟ್ಟಿನಲ್ಲಿದ್ದಂತಿದೆ. ಸಿಟ್ಟು ಸರಿ, ಚರಿತ್ರೆ ತಪ್ಪು.

ಕಾರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ದಾಟಬೇಕು. ಆ ವೇಗದಲ್ಲಿ ಡೀಸೆಲ್ ಗಾಳಿಯೊಡನೆ ಬೆರೆತು ಉರಿಯಲು ಕಣ್ಣೆವೆ ಇಕ್ಕುವಷ್ಟೂ ಹೊತ್ತಿಲ್ಲ. ಸಿಲಿಂಡರಿನ ತಲೆಯಲ್ಲೊಂದು ಪುಟ್ಟ ಕೋಣೆ ಕೊರೆದು, ಉರಿ ಅಲ್ಲೇ ಶುರುವಾಗಿ ಕೆಳಕ್ಕೆ ಚಿಮ್ಮುವಂತೆ ಮಾಡಿದ್ದು ಇದಕ್ಕಾಗಿ. ಆ ಕೋಣೆ ಶಾಖ ನುಂಗುತ್ತದೆ. ಅದಕ್ಕೇ ಬೆಳಗ್ಗೆ ಹೀಟರ್ ಪ್ಲಗ್ ಕಾಯುವವರೆಗೆ ಚಾಲಕನೂ ಕಾಯಬೇಕಿತ್ತು. ಕಾರಿಗೆ ಡೀಸೆಲ್ ಎಂಜಿನ್ ಕೂರಿಸಲು ಹೊರಟ ಮರ್ಸಿಡಿಸ್ ಮೊದಲು ಆರು ಸಿಲಿಂಡರಿನದ್ದನ್ನು ಪರೀಕ್ಷಿಸಿತು. ಅದರ ನಡುಕವನ್ನು ಚಾಸಿ ತಾಳಲಿಲ್ಲ. ನಾಲ್ಕಕ್ಕೆ ಇಳಿಸಿ, ಬಾಷ್ ಪಂಪ್ ಜೋಡಿಸಿ, 45 ಅಶ್ವಶಕ್ತಿಯ 260 ಡಿ ಕಾರನ್ನು 1936ರಲ್ಲಿ ಬರ್ಲಿನ್‌ನಲ್ಲಿ ತೋರಿಸಿತು. ಇದು ತುರುಕುವ ಕೆಲಸವೇ?

ಅಂಬಾಸಿಡರಿನ 1489 ಸಿಸಿ ಎಂಜಿನ್ ಬ್ರಿಟನ್ನಿನ ಕಾರು ಕಂಪನಿ ಬಿಎಂಸಿಯದು. ಟರ್ಬೊ ಇಲ್ಲ, ಶಕ್ತಿ 40 ಅಶ್ವಶಕ್ತಿಯ ಆಸುಪಾಸು, ಹೊರಬೇಕಾದದ್ದು ಟನ್ನಿಗೂ ಮಿಕ್ಕಿದ ಕಾರು. ಏರಿನಲ್ಲಿ ತೆವಳಿತು, ಒಪ್ಪಿದೆ. ಅದು ಜೋಡಿಯ ದೋಷ, ಎಂಜಿನ್ ರೂಪಿಸಿದವರದ್ದಲ್ಲ. ಪುತ್ತೂರು, ಸುಳ್ಯ, ಕಡಬದ ಬಾಡಿಗೆ ಕಾರಿನವರಿಗೆ ಡೀಸೆಲ್ ದರ ಮುಖ್ಯವಾಗಿತ್ತು. ಅವರ ಲೆಕ್ಕವನ್ನು ಲೇಖಕರು ಕೇಳಿಯೇ ಇಲ್ಲ. ಸುಬ್ರಹ್ಮಣ್ಯದ ದಾರಿಯಲ್ಲಿ ಪೆಟ್ರೋಲ್ ಕಾರು ಓಡಿಸಿ ಹೊಟ್ಟೆ ಹೊರೆಯುವುದು ಹೇಗೆಂದು ಮುಂದಿನ ಲೇಖನದಲ್ಲಿ ಬರೆಯಲಿ.