ಟೈರಿಗೂ ತಾರೀಕು ಉಂಟು

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಗೆ ಕ್ಯಾರವಾನ್ ಎನ್ನುತ್ತಾರೆ. ಅಳಿಯ ಕೊಂಡ ಅಂಥದೊಂದು ಹಳೆಯ ಗಾಡಿ ಪಣಂಬೂರಿನ ನಮ್ಮ ಅಂಗಳದಲ್ಲಿ ಮಳೆಗಾಲವಿಡೀ ನಿಂತಿತ್ತು. ದಸರಾ ರಜೆಗೆ ಮರವಂತೆಗೆ ಹೊರಡುವ ತಯಾರಿ. "ಟೈರಿನ ಗೆರೆ ಸವೆದೇ ಇಲ್ಲ ಮಾವ" ಎಂದ ಅಳಿಯ.

"ಟೈರಿನ ಬದಿಯಲ್ಲಿ ಒಟ್ಟಿಗಿರುವ ನಾಲ್ಕು ಅಂಕಿ ಹುಡುಕು" ಎಂದೆ ಮೊಮ್ಮಗಳಿಗೆ.

"2314, ಅಜ್ಜ!"

ಅಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಬಾಗಿ ನೋಡಿದರೆ ರಬ್ಬರಿನಲ್ಲಿ ಸಣ್ಣ ಸಣ್ಣ ಬಿರುಕುಗಳು.

ಮಕ್ಕಳೇ, ಬ್ಯಾಂಕಿನಲ್ಲಿ ಚೆಕ್ ಕೈಗೆ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ತಾರೀಕು. ಮೊತ್ತ, ಸಹಿ ಸರಿಯಿದ್ದರೂ ಅವಧಿ ದಾಟಿದರೆ ಹಣವಿಲ್ಲ. ನಮ್ಮ ಕಾಲದಲ್ಲಿ 6 ತಿಂಗಳು, ಈಗ 3. ಎಳೆಯುವ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಗೆರೆ ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ.

ಮುಖ ಸಣ್ಣದು ಮಾಡಿಕೊಂಡೇ ಅಳಿಯ ಎರಡೂ ಟೈರ್ ಬದಲಿಸಿದ. ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದ ಕೊಂಡಿಯನ್ನು ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒರೆಸಿ ಗ್ರೀಸ್ ಹಚ್ಚಿದೆವು. ಕೊಂಡಿ ಕಳಚಿದರೂ ಗಾಡಿ ಬೇರೆಯಾಗದಂತೆ ಹೊಸ ಸರಪಳಿಯೂ ಬಂತು.

"ಒಂದು ದಿನ ಹೋಯಿತಲ್ಲ ಅಜ್ಜ!"

"ಮರವಂತೆಯ ಕಡಲು ಎಲ್ಲಿಗೂ ಹೋಗುವುದಿಲ್ಲ ಮಗಾ."

ನಿಮ್ಮ ಮನೆಯ ಗಾಡಿಯ ಟೈರಿನ ತಾರೀಕನ್ನೂ ಇವತ್ತೇ ಓದಿ, ಅಜ್ಜ-ಅಜ್ಜಿಗೆ ಹೇಳಿ.